ಅತ್ತೆಗೆ ಒಂದು ಕಣ್ಣು ನೋವು, ವಾಂತಿ, ದೀಪದ ಸುತ್ತ ಬಣ್ಣ. ಬೆಳಿಗ್ಗೆ ಹೊತ್ತಿಗೆ ಕಡಿಮೆ. ಆದರೂ ಡಾಕ್ಟರಿಗೆ ತೋರಿಸಬೇಕಾ?

ಡೊಂಬಿವಲಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿ ಪೂರ್ವದಲ್ಲಿರುವವರು, ಊರು ಅಂಕೋಲಾ. ಗಣಪತಿ ಹಬ್ಬಕ್ಕೆ ಅಂತ ಅತ್ತೆ ಊರಿಂದ ಬಂದು ಹತ್ತು ದಿನ ಆಯಿತು. ವಯಸ್ಸು 63. ಬಿಪಿ ಮಾತ್ರೆ ಇದೆ, ಶುಗರ್ ಇಲ್ಲ. ಚಿಕ್ಕಂದಿನಿಂದಲೂ ಪ್ಲಸ್ ನಂಬರಿನ ದಪ್ಪ ಕನ್ನಡಕ. ಅವರ ಕಣ್ಣು ಗಾಜಿನ ಹಿಂದೆ ದೊಡ್ಡದಾಗಿ ಕಾಣುತ್ತದೆ ಅಂತ ನನ್ನ ಮಗಳು ತಮಾಷೆ ಮಾಡುತ್ತಿರುತ್ತಾಳೆ.

ಮೊನ್ನೆ ಸಂಜೆ ಸೊಸೈಟಿ ಮಂಟಪದಲ್ಲಿ ಆರತಿಗೆ ಹೋಗಿದ್ದೆವು. ದೊಡ್ಡ ಲೈಟ್ ಎಲ್ಲ ಆರಿಸಿ ಬರೀ ಸೀರಿಯಲ್ ಲೈಟ್ ಹಾಕಿದ್ದರು. ಅತ್ತೆ ನನ್ನ ಕೈ ಹಿಡಿದು, "ದೀಪದ ಸುತ್ತ ಕಾಮನಬಿಲ್ಲು ಕಾಣ್ತದೆ ನೋಡು" ಅಂದರು. ಪಕ್ಕದಲ್ಲಿದ್ದ ಕಾಕೂ ಅದನ್ನು ಕೇಳಿ "ಬಾಪ್ಪಾನೇ ದರ್ಶನ ದಿಲಂ" ಅಂತ ಕೈ ಮುಗಿದರು. ನಾನೂ ನಕ್ಕು ಸುಮ್ಮನಾದೆ.

ಮನೆಗೆ ಬಂದಾಗ ರಾತ್ರಿ ಒಂಬತ್ತು. ಬಲಗಣ್ಣು ನೋವು ಅಂತ ಶುರುವಾಯಿತು. ಹುಬ್ಬಿನ ಮೇಲೆ ಕೈ ಒತ್ತಿ ಕೂತರು. ಆಮೇಲೆ ಅರ್ಧ ತಲೆಯೇ ಸಿಡಿಯುತ್ತದೆ ಅಂದರು. ಎರಡು ಸಲ ವಾಂತಿ ಆಯಿತು. ಮಧ್ಯಾಹ್ನ ಮೋದಕ ಜಾಸ್ತಿ ತಿಂದಿದ್ದರು, ಅದಕ್ಕೇ ಇರಬೇಕು ಅಂದುಕೊಂಡೆವು. ಮೂರು ದಿನದಿಂದ ನೆಗಡಿಗೆ ಮಾತ್ರೆ ತಗೊಳ್ಳುತ್ತಿದ್ದರು. ಲೈಟ್ ಆರಿಸಿ ಕತ್ತಲಲ್ಲಿ ಮಲಗಿಸಿದೆ. ಕಣ್ಣು ಕೆಂಪಾಗಿತ್ತು. ಯಜಮಾನರು ಫೋನಿನಲ್ಲಿ ಕಣ್ಣಿನ ಫೋಟೋ ತೆಗೆದುಕೊಂಡು ಮೆಡಿಕಲ್‌ಗೆ ಓಡಿದರು. ಅವನು ಒಂದು ಡ್ರಾಪ್ಸ್ ಕೊಟ್ಟ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್ ಅಂತೇನೋ ಇದೆ.

ಬೆಳಿಗ್ಗೆ ಏಳುವ ಹೊತ್ತಿಗೆ ನೋವು ಬಹಳ ಕಡಿಮೆ. ಈಗ ಮೂರನೇ ದಿನ. ಸ್ವಲ್ಪ ಕೆಂಪು ಇದೆ, "ಸ್ವಲ್ಪ ಮಂಜು ಮಂಜು" ಅನ್ನುತ್ತಾರೆ, ಅಷ್ಟೇ. ಶನಿವಾರ ಊರಿಗೆ ಟಿಕೆಟ್ ಆಗಿದೆ. ಯಜಮಾನರು, ಊರಲ್ಲೇ ತೋರಿಸಿದರಾಯಿತು ಅನ್ನುತ್ತಾರೆ. ಅತ್ತೆ ಅಂತೂ, "ಕಣ್ಣು ನೋವಿಗೆಲ್ಲ ಯಾರು ಆಸ್ಪತ್ರೆಗೆ ಹೋಗ್ತಾರೆ" ಅಂತ ಕೂತಿದ್ದಾರೆ. ನನಗೆ ಒಬ್ಬಳಿಗೇ ಸಮಾಧಾನ ಇಲ್ಲ. ನಾನು ಸುಮ್ನೆ ಹೆದರುತ್ತಿದ್ದೇನಾ?

ವಸಯಿ ಕಾಕಾ:

ತಂಗಿ, ಇದು ಪಿತ್ತ. ವಾಂತಿ ಆಯಿತು, ಪಿತ್ತ ಹೋಯಿತು, ನೋವು ಇಳಿಯಿತು. ನಮ್ಮ ಅಮ್ಮ ಇಂಥದ್ದಕ್ಕೆಲ್ಲ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ಹಚ್ಚುತ್ತಿದ್ದರು. ಕಣ್ಣಿಗೆ ಎರಡು ತೊಟ್ಟು ರೋಸ್ ವಾಟರ್ ಹಾಕಿ, ತಂಪಾಗುತ್ತದೆ. ಎಳನೀರು ಕುಡಿಸಿ. ಮುಂಬಯಿ ಡಾಕ್ಟರ ಹತ್ತಿರ ಹೋದರೆ ಹತ್ತು ಟೆಸ್ಟ್ ಬರೆಯುತ್ತಾರೆ ಅಷ್ಟೇ.

ಥಾಣೆ ಕನ್ನಡಕ:

ಡೊಂಬಿವಲಿಯವರೇ, ಇವತ್ತೇ ಕರೆದುಕೊಂಡು ಹೋಗಿ. ಶನಿವಾರ ಅಲ್ಲ, ನಾಳೆ ಅಲ್ಲ, ಇವತ್ತು. ಕಣ್ಣಿನ ಡಾಕ್ಟರೇ ಆಗಬೇಕು, ಗಲ್ಲಿಯ ದವಾಖಾನೆ ಸಾಲದು. ಕೆಳಗೆ ಬರೆದದ್ದನ್ನು ರಿಕ್ಷಾದಲ್ಲಿ ಕೂತು ಓದಿ.

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಕುಂದಾಪುರದವನು. ಥಾಣೆಯಲ್ಲಿ 24 ವರ್ಷದಿಂದ ಆಪ್ಟೊಮೆಟ್ರಿಸ್ಟ್ ಆಗಿದ್ದೇನೆ. ನಂಬರ್ ತೆಗೆಯುವುದು, ಕಣ್ಣಿನ ಪ್ರೆಷರ್ ಅಳೆಯುವುದು, ಏನಾದರೂ ಸರಿ ಕಾಣದಿದ್ದರೆ ಡಾಕ್ಟರ ಹತ್ತಿರ ಅಟ್ಟುವುದು ನನ್ನ ಕೆಲಸ. ಅಟ್ಟುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ.

ನೀವು ಬರೆದದ್ದರಲ್ಲಿ ಯಾವುದೂ ಬಿಡಿ ಸಂಗತಿಯಲ್ಲ. ಪ್ಲಸ್ ನಂಬರ್, ಅರವತ್ತು ದಾಟಿದ ಹೆಂಗಸು, ಮಂದ ಬೆಳಕು, ನೆಗಡಿ ಮಾತ್ರೆ, ದೀಪದ ಸುತ್ತ ಬಣ್ಣದ ಬಳೆ, ಒಂದೇ ಕಣ್ಣು, ವಾಂತಿ. ಒಂದೊಂದಾಗಿ ಕೇಳಿದರೆ ಯಾರೂ ಹೆದರುವುದಿಲ್ಲ. ಒಟ್ಟಿಗೆ ಕೇಳಿದರೆ ನನಗೆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ. ಕಣ್ಣಿನ ಒಳಗಿನ ಪ್ರೆಷರ್ ಒಮ್ಮೆಲೇ ಏರಿದಾಗ ಹೀಗೆಲ್ಲ ಆಗುತ್ತದೆ. ಗ್ಲಾಕೋಮಾದಲ್ಲೇ ಒಂದು ಬಗೆ ಇದು. ಮರಾಠಿಯಲ್ಲಿ ಕಾಚಬಿಂದು ಅನ್ನುತ್ತಾರೆ. ಪೊರೆ, ಅಂದರೆ ಮೋತಿಬಿಂದು, ಅದಲ್ಲ. ಎರಡನ್ನೂ ಒಂದೇ ಅಂದುಕೊಂಡು ಕಾಯುವವರು ಬಹಳ ಜನ.

ಒಳಗೆ ಏನಾಗುತ್ತದೆ ಅಂದರೆ, ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟುತ್ತಿರುತ್ತದೆ, ಹೊರಗೂ ಹೋಗುತ್ತಿರುತ್ತದೆ. ಇದು ಕಣ್ಣೀರಲ್ಲ, ಬೇರೆ. ಅದು ಹೋಗುವ ಮೋರಿ ಕಪ್ಪುಗುಡ್ಡೆಯ ಅಂಚಿನಲ್ಲಿ ಸುತ್ತಲೂ ಇದೆ. ಪ್ಲಸ್ ನಂಬರಿನವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಚಿಕ್ಕದು, ಒಳಗೆಲ್ಲ ಇಕ್ಕಟ್ಟು, ವನ್ ರೂಮ್ ಕಿಚನ್ ಇದ್ದ ಹಾಗೆ. ವಯಸ್ಸಾದಂತೆ ಒಳಗಿನ ಲೆನ್ಸ್ ದಪ್ಪವಾಗುತ್ತಾ ಹೋಗುತ್ತದೆ, ಜಾಗ ಇನ್ನೂ ಕಡಿಮೆ. ಮಂದ ಬೆಳಕಲ್ಲಿ ಪಾಪೆ ಹಿಗ್ಗಿದಾಗ ಅದರ ಸುತ್ತಲಿನ ಪರದೆ ಮುದುಡಿ ಅಂಚಿಗೆ ಸೇರಿ ಮೋರಿಗೆ ಅಡ್ಡ ಕೂರುತ್ತದೆ. ಚಾಳಿನ ಮೋರಿಗೆ ಒದ್ದೆ ಬಟ್ಟೆ ಸಿಕ್ಕಿಕೊಂಡರೆ ನೀರು ಎಲ್ಲಿಗೆ ಬರುತ್ತದೆ? ಇಲ್ಲಿ ಬರಲು ಜಾಗವೂ ಇಲ್ಲ. ಪ್ರೆಷರ್ ಏರುತ್ತದೆ. ಸಾಮಾನ್ಯ ಕಣ್ಣಿನಲ್ಲಿ 10ರಿಂದ 21ರ ಒಳಗೆ ಇರುವುದು, ಇಂಥ ಹೊತ್ತಲ್ಲಿ 50 ದಾಟಬಹುದು. ಮುಂದಿನ ಗಾಜಿನಂಥ ಪದರ, ಕಾರ್ನಿಯಾ, ನೀರು ಹೀರಿ ಊದಿಕೊಳ್ಳುತ್ತದೆ. ಅದಕ್ಕೇ ದೀಪದ ಸುತ್ತ ಬಣ್ಣ ಕಾಣುವುದು. ಹಿಂದುಗಡೆ ನರದ ಮೇಲೆ ಒತ್ತಡ ಬೀಳುತ್ತದೆ. ಆ ನರ ಒಮ್ಮೆ ಸತ್ತರೆ ಯಾವ ಆಪರೇಷನ್‌ನಿಂದಲೂ ವಾಪಸ್ ಬರುವುದಿಲ್ಲ.

ನೆಗಡಿ ಮಾತ್ರೆಯ ಕಥೆಯೂ ಇದೇ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಅಂತ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಂಥ ಇಕ್ಕಟ್ಟಿನ ಕಣ್ಣಲ್ಲಿ ಅವು ಪಾಪೆ ಹಿಗ್ಗಿಸಿ ಕೆಲಸ ಕೆಡಿಸಬಹುದು. ಹೊಟ್ಟೆ ಹಿಡಿತಕ್ಕೆ ಕೊಡುವ ಡೈಸೈಕ್ಲೋಮಿನ್ ಕೂಡ. ಬೇರೆಯವರಿಗೆ ಏನೂ ಆಗುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಪಟ್ಟಿಯನ್ನೂ ಡ್ರಾಪ್ಸ್ ಬಾಟಲಿಯನ್ನೂ ಬಿಸಾಡಬೇಡಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಆದರೆ ಎರಡನ್ನೂ ಡಾಕ್ಟರು ನೋಡುವ ತನಕ ಮುಟ್ಟಬೇಡಿ. ಬಿಪಿ ಮಾತ್ರೆ ನಿಲ್ಲಿಸಬೇಡಿ.

ಬೆಳಿಗ್ಗೆ ಹೊತ್ತಿಗೆ ಕಡಿಮೆಯಾಯಿತಲ್ಲ ಅನ್ನಬೇಡಿ. ನಿದ್ದೆ ಬಂದಾಗ ಪಾಪೆ ತಾನಾಗಿ ಚಿಕ್ಕದಾಗುತ್ತದೆ, ಮೋರಿ ಸ್ವಲ್ಪ ತೆರೆದುಕೊಂಡಿರಬಹುದು. ಅದು ಅದೃಷ್ಟ, ವಾಸಿಯಲ್ಲ. ಮತ್ತೆ ಯಾವತ್ತು ಮುಚ್ಚುತ್ತದೋ ಗೊತ್ತಿಲ್ಲ. ಶನಿವಾರ ರಾತ್ರಿ ರೈಲಿನಲ್ಲಿ, ಎಲ್ಲರೂ ಲೈಟ್ ಆರಿಸಿ ಮಲಗಿದ ಮೇಲೆ, ರತ್ನಾಗಿರಿ ಹತ್ತಿರ ಸುರಂಗದೊಳಗೆ ನೋವು ಬಂದರೆ ಯಾರನ್ನು ಕರೆಯುತ್ತೀರಿ?

ಆಸ್ಪತ್ರೆಯ ಕೌಂಟರಿನಲ್ಲಿ "ಕಣ್ಣು ನೋವು" ಅಂತ ಮಾತ್ರ ಹೇಳಬೇಡಿ, ಸಾಲಿನ ಕೊನೆಯಲ್ಲಿ ಕೂರಿಸುತ್ತಾರೆ. "ಒಂದೇ ಕಣ್ಣು ಜೋರು ನೋವು ಬಂದಿತ್ತು, ವಾಂತಿ ಆಗಿತ್ತು, ದೀಪದ ಸುತ್ತ ಬಣ್ಣ ಕಾಣುತ್ತಿತ್ತು, ಈಗಲೂ ಮಂಜು ಇದೆ" ಅಂತ ಇಷ್ಟನ್ನೂ ಹೇಳಿ. ಹತ್ತಿರದಲ್ಲಿ ಒಳ್ಳೆಯ ಕಣ್ಣಾಸ್ಪತ್ರೆ ಇದ್ದರೆ ಅಲ್ಲಿಗೇ. ರಾತ್ರಿ ಹೊತ್ತು ಎಲ್ಲೂ ತೆರೆದಿಲ್ಲ ಅಂದರೆ ಸಯಾನ್, ಕೆಇಎಂ, ನಾಯರ್, ಜೆಜೆ, ಇವೆಲ್ಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಕ್ಯಾಶುವಾಲ್ಟಿ ಇಡೀ ದಿನ ನಡೆಯುತ್ತದೆ, ಕಣ್ಣಿನ ವಿಭಾಗವೂ ಇದೆ.

ಇನ್ನು ವಸಯಿ ಕಾಕಾ, ಎಳನೀರು ನೀವೇ ಕುಡಿಯಿರಿ. ಅಂಗಾಲಿಗೆ ಹರಳೆಣ್ಣೆ ಹಚ್ಚಿ, ನನ್ನದೇನೂ ತಕರಾರಿಲ್ಲ. ಕಣ್ಣೊಳಗೆ ಮಾತ್ರ ರೋಸ್ ವಾಟರ್, ಜೇನು, ಎದೆಹಾಲು ಯಾವುದೂ ಬೇಡ. ಕೀಟಾಣು ಇಲ್ಲದ ಹಾಗೆ ತಯಾರಿಸಿದ ವಸ್ತು ಅಲ್ಲ ಅವು.

ಡೊಂಬಿವಲಿ ಸೊಸೆ:

ಸರ್, ಓದಿ ಕೈ ನಡುಗಿತು. ಯಜಮಾನರಿಗೆ ಫೋನ್ ಮಾಡಿದ್ದೇನೆ, ಕುರ್ಲಾದಿಂದ ಹೊರಟಿದ್ದಾರೆ. ಅತ್ತೆಯನ್ನು ಒಪ್ಪಿಸುವುದೇ ಕಷ್ಟ ಆಗಿದೆ. "ಈಗ ನೋವೇ ಇಲ್ವಲ್ಲ" ಅನ್ನುತ್ತಾರೆ. ಏನು ಹೇಳಲಿ?

ಥಾಣೆ ಕನ್ನಡಕ:

ಹೇಳಬೇಡಿ, ತೋರಿಸಿ. ಗೋಡೆ ಮೇಲೆ ಕ್ಯಾಲೆಂಡರ್ ಇದೆಯಾ? ಅವರನ್ನು ಅದರ ಎದುರು ನಿಲ್ಲಿಸಿ, ಕನ್ನಡಕ ಹಾಕಿಸಿ. ಅಂಗೈಯಿಂದ ಎಡಗಣ್ಣು ಮುಚ್ಚಲಿ. ಒತ್ತಬಾರದು, ಬೆರಳ ಸಂದಿಯಲ್ಲಿ ಇಣುಕಬಾರದು. ಬರೀ ಬಲಗಣ್ಣಲ್ಲಿ ತಾರೀಕಿನ ಕೆಳಗಿನ ಸಣ್ಣ ಅಕ್ಷರ ಓದಲಿ, ತಿಥಿ, ನಕ್ಷತ್ರ. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಓದಲಿ.

ಎಲ್ಲರೂ ಕೇಳುವುದು ನೋವು ಎಷ್ಟಿದೆ ಅಂತ. ನಾನು ಮೊದಲು ಕೇಳುವುದು ಆ ಕಣ್ಣೊಂದರಲ್ಲೇ ಎಷ್ಟು ಕಾಣುತ್ತದೆ ಅಂತ. ನೋವನ್ನು ನಂಬಿದರೆ ಮೋಸ ಹೋಗುತ್ತೀರಿ. ಲೋಕಲ್‌ನ ಬಾಗಿಲಲ್ಲಿ ನಿಂತವನ ಕಣ್ಣಿಗೆ ಧೂಳಿನ ಕಣ ಬಿದ್ದು ಕಾರ್ನಿಯಾ ಗೀಚಿದರೆ ಆರಡಿ ಆಳು ಕೂಡ ಅಳುತ್ತಾನೆ. ಅಲ್ಲಿ ನರದ ತುದಿಗಳು ಅಷ್ಟು ದಟ್ಟ. ಆದರೆ ಸಣ್ಣ ಗೀರು ಎರಡು ಮೂರು ದಿನದಲ್ಲಿ ಮಾಯುತ್ತದೆ. ಇನ್ನೊಂದು ಕಡೆ, ಗ್ಲಾಕೋಮಾದ ಸಾಮಾನ್ಯ ಬಗೆ ಇದೆಯಲ್ಲ, ಅದು ವರ್ಷಗಟ್ಟಲೆ ಒಂದು ಚೂರೂ ನೋಯುವುದಿಲ್ಲ. ಸುಮ್ನೆ ಬದಿಯಿಂದ ದೃಷ್ಟಿ ತಿಂದುಕೊಂಡು ಬರುತ್ತದೆ.

ಒಬ್ಬರು ನನ್ನಲ್ಲಿಗೆ ಬಂದಿದ್ದರು, ಬ್ಯಾಂಕಿನ ಕೆಲಸ. ಕಂಪ್ಯೂಟರ್ ನೋಡಿ ನೋಡಿ ಬಲಗಣ್ಣು ನೋವು, ನಂಬರ್ ಬದಲಾಗಿರಬೇಕು, ಹೊಸ ಕನ್ನಡಕ ಕೊಡಿ ಅಂದರು. ಮೂರು ವಾರದಿಂದ ನೋವಂತೆ. ಎಡಗಣ್ಣು ಮುಚ್ಚಿ ಅಂದೆ. ಎದುರಿಗೆ ಗೋಡೆ ಗಡಿಯಾರ ಇತ್ತು. ಮುಚ್ಚಿದರು. "ಗಡಿಯಾರ ಎಲ್ಲಿ?" ಅಂದರು. ಮೂರು ವಾರ ಎಡಗಣ್ಣೇ ಸಂಸಾರ ನಡೆಸಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಎರಡು ಕಣ್ಣು ಇರುವುದರ ತೊಂದರೆ ಇದು, ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ.

ಡೊಂಬಿವಲಿ ಸೊಸೆ:

ಮಾಡಿಸಿದೆ. ಎಡಗಣ್ಣಲ್ಲಿ ನಕ್ಷತ್ರದ ತನಕ ಓದಿದರು. ಬಲಗಣ್ಣಲ್ಲಿ ದೊಡ್ಡ ತಾರೀಕು ಮಾತ್ರ, ಕೆಳಗೆ "ಏನೋ ಇರುವೆ ಸಾಲು" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೀರೆ ಬದಲಿಸುತ್ತಿದ್ದಾರೆ. ಹೊರಟೆವು.

ಫೋರ್ಟ್ ಕ್ಯಾಂಟೀನ್:

ಒಳ್ಳೆಯದಾಗಲಿ ಅಕ್ಕ. ಥಾಣೆ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲ್ಲದಕ್ಕೂ ಮೊದಲು ಆಸ್ಪತ್ರೆಗೆ ಓಡುವುದಲ್ಲ, ಒಂದು ವಿಷಯದಲ್ಲಿ ಮೊದಲು ನಲ್ಲಿಗೆ ಓಡಬೇಕು.

ಫೋರ್ಟ್‌ನಲ್ಲಿ ನಮ್ಮದು ಸಣ್ಣ ಕ್ಯಾಂಟೀನ್. ಎರಡು ಮಳೆಗಾಲದ ಹಿಂದೆ ಮೋರಿ ಕಟ್ಟಿತ್ತು. ಹುಡುಗ ಕಾಸ್ಟಿಕ್ ಪುಡಿ ಹಾಕಿ ಬಿಸಿನೀರು ಸುರಿದ. ಭುಸ್ ಅಂತ ಮೇಲೆದ್ದು ಮುಖಕ್ಕೆ ಹಾರಿತು. ನಾನು ಗಾಬರಿಯಲ್ಲಿ ಟ್ಯಾಕ್ಸಿ ನಿಲ್ಲಿಸಲು ರಸ್ತೆಗೆ ಓಡಿದೆ. ಟ್ಯಾಕ್ಸಿ ಸಿಕ್ಕಿತೂ ಕೂಡ. ವಾಪಸ್ ಬಂದು ನೋಡಿದರೆ ನಮ್ಮ ಅಡುಗೆ ಭಟ್ಟರು ಹುಡುಗನ ಜುಟ್ಟು ಹಿಡಿದು ತಲೆಯನ್ನು ನಲ್ಲಿ ಕೆಳಗೆ ಬಗ್ಗಿಸಿದ್ದಾರೆ. ಅವನು ಬೊಬ್ಬೆ ಹೊಡೆಯುತ್ತಿದ್ದಾನೆ, ಭಟ್ಟರು ಎರಡು ಬೆರಳಿಂದ ರೆಪ್ಪೆ ಬಿಡಿಸಿ ಹಿಡಿದು ನೀರು ಬಿಡುತ್ತಿದ್ದಾರೆ. ನಾನು ಬಿಡಿ ಬಿಡಿ ಅಂದರೆ ಬಿಡಲಿಲ್ಲ. "ಟ್ಯಾಕ್ಸಿ ಕಾಯಲಿ" ಅಂದರು. ಇಪ್ಪತ್ತು ನಿಮಿಷ. ಮೀಟರ್ ಓಡುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ "ತೊಳೆದಿರಾ, ಎಷ್ಟು ಹೊತ್ತು?" ಅಂತ. ಕೆಳರೆಪ್ಪೆಯ ಒಳಗೆ ಒಂದು ಕಾಗದದ ಚೂರು ಇಟ್ಟು ಬಣ್ಣ ನೋಡಿದರು, ಶಾಲೆಯಲ್ಲಿ ಲಿಟ್ಮಸ್ ನೋಡಿದ ಹಾಗೆ. ಇನ್ನೂ ಕ್ಷಾರ ಇದೆ ಅಂತ ಮತ್ತೆ ಸಲೈನ್ ಬಾಟಲಿ ಬಾಟಲಿ ಸುರಿದರು. ರೆಪ್ಪೆ ಮಗುಚಿ ಒಳಗಿನ ಕಣ ತೆಗೆದರು. ಆಸಿಡ್‌ಗಿಂತ ಸುಣ್ಣ, ಕಾಸ್ಟಿಕ್ ಕಣ್ಣಿಗೆ ಕೆಟ್ಟದ್ದಂತೆ. ಆಸಿಡ್ ಮೇಲೆ ಸುಟ್ಟು ಅಲ್ಲೇ ಗರಣೆ ಕಟ್ಟುತ್ತದೆ, ಇದು ಒಳಗೆ ಇಳಿಯುತ್ತಲೇ ಹೋಗುತ್ತದೆ. ನೀವು ತೊಳೆಯದೆ ಟ್ಯಾಕ್ಸಿಯಲ್ಲಿ ಬಂದಿದ್ದರೆ ದಾರಿಯುದ್ದಕ್ಕೂ ಇಳಿಯುತ್ತಿತ್ತು ಅಂದರು. ಹುಡುಗನಿಗೆ ಈಗ ಕಣ್ಣು ಕಾಣುತ್ತದೆ. ಭಟ್ಟರಿಗೆ ಇದು ಹೇಗೆ ಗೊತ್ತು ಅಂದರೆ, ಅವರ ಊರಲ್ಲಿ ಒಂದು ಮಗು ಎಲೆಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಕಣ್ಣಿಗೆ ಹಾರಿಸಿಕೊಂಡಿತ್ತಂತೆ. ಅದನ್ನು ತೊಳೆದವರು ಯಾರೂ ಇರಲಿಲ್ಲ.

ಹಿಂಜವಡಿ ಹುಡುಗಿ:

ನಾನು ಪುಣೆಯಿಂದ. ನನ್ನ ಪೆದ್ದುತನವನ್ನೂ ಸೇರಿಸಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೆ. ಮಳೆಗಾಲದಲ್ಲಿ ಟ್ರೆಕ್ ಹೋಗಿ, ಸೊಲ್ಯೂಷನ್ ಮರೆತು, ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆದು ಹಾಕಿಕೊಂಡೆ. ಸುಸ್ತಾಗಿ ಹಾಗೇ ಮಲಗಿದೆ. ಮರುದಿನ ಕಣ್ಣಲ್ಲಿ ಮರಳು. ಡ್ರೈ ಆಗಿದೆ ಅಂತ ಎರಡು ದಿನ ಆಫೀಸಿಗೆ ಹೋದೆ. ಮೂರನೇ ದಿನ ಕಿಟಕಿ ಕಡೆ ಮುಖ ಮಾಡಲು ಆಗಲಿಲ್ಲ. ಬೆಳಕು ಚುಚ್ಚುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಕಪ್ಪುಗುಡ್ಡೆಯ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ.

ಕಾರ್ನಿಯಾದಲ್ಲಿ ಹುಣ್ಣು. ಡಾಕ್ಟರು ಲೆನ್ಸ್ ಮತ್ತು ಅದರ ಡಬ್ಬಿ ಎಲ್ಲಿ ಅಂದರು. ಬಿಸಾಡಿ ಬಂದಿದ್ದೆ. ಕಾಯಿಲೆ ತಂದ ಕೀಟಾಣು ಅದರಲ್ಲೇ ಇರುತ್ತದಂತೆ, ಪರೀಕ್ಷೆಗೆ ಕಳಿಸಬಹುದಿತ್ತು ಅಂದರು. ಗಂಟೆಗೊಮ್ಮೆ ಡ್ರಾಪ್ಸ್, ರಾತ್ರಿಯೂ. ಅಮ್ಮ ಧಾರವಾಡದಿಂದ ಬಂದು ಅಲಾರಂ ಇಟ್ಟುಕೊಂಡು ಹಾಕಿದಳು. ಹುಣ್ಣು ಮಾಯಿತು, ಕಲೆ ಉಳಿಯಿತು. ಪಾಪೆಯ ನಟ್ಟನಡುವೆ ಅಲ್ಲ, ಸ್ವಲ್ಪ ಬದಿಗೆ. ಅಷ್ಟು ಪುಣ್ಯ. ಲೆನ್ಸ್ ಹಾಕುವವರು ಕಣ್ಣು ಕೆಂಪಾಗಿ ನೋವು ಬಂದರೆ ತೆಗೆಯಿರಿ, ಡಬ್ಬಿ ಸಮೇತ ಅದೇ ದಿನ ಹೋಗಿ. ಮರುದಿನ ಮೀಟಿಂಗ್ ಇದ್ದರೂ ಸರಿ.

ವಸಯಿ ಕಾಕಾ:

ಥಾಣೆಯವರೇ, ಬೈದದ್ದಕ್ಕೆ ಬೇಜಾರಿಲ್ಲ. ಎಳನೀರು ಕುಡಿದೆ. ನನ್ನದೊಂದು ಪ್ರಶ್ನೆ. ಮೊಮ್ಮಗನಿಗೆ ಇವತ್ತು ಕಣ್ಣು ಕೆಂಪು, ರೆಪ್ಪೆ ಅಂಟಿಕೊಳ್ಳುತ್ತದೆ, ಉರಿ ಅನ್ನುತ್ತಾನೆ. ಶಾಲೆಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಹಾಗೇ ಅಂತೆ. ಟೀಚರ್ "ಡೋಳೆ ಆಲೇತ್", ಅಂದರೆ ಕಣ್ಣು ಬೇನೆ ಬಂದಿದೆ, ಅಂತ ಮನೆಗೆ ಕಳಿಸಿದರು. ಇದಕ್ಕೂ ಕ್ಯಾಶುವಾಲ್ಟಿಗೆ ಓಡಬೇಕಾ?

ಥಾಣೆ ಕನ್ನಡಕ:

ಬೇಡ ಕಾಕಾ. ಇದು ಮದ್ರಾಸ್ ಐ ಇರಬಹುದು. 2023ರ ಮಳೆಗಾಲದಲ್ಲಿ ಇಡೀ ಮಹಾರಾಷ್ಟ್ರಕ್ಕೆ ಬಂದಿತ್ತಲ್ಲ, ನಮ್ಮ ಕಡೆ ಕಪ್ಪು ಕನ್ನಡಕ ಖಾಲಿಯಾಗಿತ್ತು. ಇದರಲ್ಲಿ ಉರಿ, ತುರಿಕೆ, ಪಿಸರು ಜಾಸ್ತಿ, ಆಳದ ನೋವು ಕಡಿಮೆ. ಮುಖ್ಯ ಏನೆಂದರೆ, ಒದ್ದೆ ಹತ್ತಿಯಿಂದ ಪಿಸರು ಒರೆಸಿದ ಮೇಲೆ ಕಣ್ಣು ಎಂದಿನಂತೆ ಕಾಣಬೇಕು. ಕ್ಯಾಲೆಂಡರ್ ಪರೀಕ್ಷೆ ಅವನಿಗೂ ಮಾಡಿ. ಟವೆಲ್ ಬೇರೆ, ದಿಂಬು ಬೇರೆ, ಕೈ ತೊಳೆಯುತ್ತಿರಲಿ. ಅದು ಹರಡುವುದು ಕೈಯಿಂದ. ಕೆಂಪು ಕಣ್ಣನ್ನು ನೋಡಿದರೆ ಅಂಟುವುದಿಲ್ಲ, ಹೆದರಬೇಡಿ. ಬೆಳಕು ನೋಡಲಾಗದಿದ್ದರೆ, ಮಂಜಾದರೆ, ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ತೋರಿಸಿ. ಜ್ವರ ಬಂದು ರೆಪ್ಪೆ ಊದಿ ಮುಚ್ಚಿಕೊಂಡರೆ, ಕಣ್ಣುಗುಡ್ಡೆ ಹೊರಳಿಸಲು ನೋವಾದರೆ, ಗುಡ್ಡೆ ಮುಂದಕ್ಕೆ ಬಂದ ಹಾಗೆ ಕಂಡರೆ ಅದು ಬೇರೆ ವಿಷಯ. ಮಕ್ಕಳಲ್ಲಿ ಅದಕ್ಕೆ ರಾತ್ರಿಯಾದರೂ ಓಡಬೇಕು.

ಕಾಕಾ, ನಿಮ್ಮ ವಯಸ್ಸಿನವರಿಗೆ ಇನ್ನೊಂದು. ಹಣೆಯ ಒಂದೇ ಬದಿ ಉರಿ ಶುರುವಾಗಿ ಆಮೇಲೆ ನೀರುಗುಳ್ಳೆ ಎದ್ದರೆ ಸರ್ಪಸುತ್ತು ಇರಬಹುದು. ಮೂಗಿನ ತುದಿಯಲ್ಲೂ ಗುಳ್ಳೆ ಬಂದರೆ ಕಣ್ಣಿಗೂ ಇಳಿಯುವ ಸಾಧ್ಯತೆ ಜಾಸ್ತಿ, ಎರಡಕ್ಕೂ ಒಂದೇ ನರದ ಕೊಂಬೆ. ಅದಕ್ಕೆ ಮಾತ್ರೆ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು. ಕೆಮ್ಮಣ್ಣು ಬಳಿದು ಮಂತ್ರ ಹಾಕಿಸುವುದೇ ಆದರೆ ಮಾತ್ರೆ ನುಂಗಿ ಹಾಕಿಸಿ.

ಪೊರೆ ಆಪರೇಷನ್ ಆದವರಿಗೂ ಇಷ್ಟು ಹೇಳಿಬಿಡುತ್ತೇನೆ. ಆದ ಕೆಲವು ದಿನದಲ್ಲಿ ನೋವು ಜಾಸ್ತಿಯಾಗಿ, ಕೆಂಪಾಗಿ, ಮೊದಲಿಗಿಂತ ಕಡಿಮೆ ಕಾಣತೊಡಗಿದರೆ ಮುಂದಿನ ತಪಾಸಣೆಯ ತಾರೀಕು ಕಾಯಬಾರದು. ಆಪರೇಷನ್ ಮಾಡಿದವರನ್ನೇ ಅದೇ ದಿನ ಹುಡುಕಿಕೊಂಡು ಹೋಗಬೇಕು.

ಡೊಂಬಿವಲಿ ಸೊಸೆ:

ಮೂರು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಮೊದಲು ಒಳ್ಳೆಯ ಸುದ್ದಿ. ಅತ್ತೆ ಅಡುಗೆಮನೆಯಲ್ಲಿ ನನ್ನ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿದ್ದಾರೆ.

ಆವತ್ತು ಕಣ್ಣಾಸ್ಪತ್ರೆಯಲ್ಲಿ ನೀವು ಹೇಳಿದ ಹಾಗೇ ಕೌಂಟರಿನಲ್ಲಿ ಹೇಳಿದೆ. "ರಂಗೀನ್ ಗೋಲಾ" ಅಂದ ಕೂಡಲೇ ಆ ಹುಡುಗಿ ಪೆನ್ನು ಕೆಳಗಿಟ್ಟು ಒಳಗೆ ಹೋದಳು. ಹತ್ತು ನಿಮಿಷದಲ್ಲಿ ಕರೆದರು. ಪ್ರೆಷರ್ ಬಲಗಣ್ಣು 38, ಎಡಗಣ್ಣು 17. ಮೂರು ದಿನ ಆದ ಮೇಲೂ 38. ಕಣ್ಣಿನ ಮೇಲೆ ಸಣ್ಣ ಗಾಜು ಇಟ್ಟು ಅಂಚಿನ ಮೋರಿ ನೋಡಿದರು. ಎರಡೂ ಕಣ್ಣಲ್ಲಿ ಇಕ್ಕಟ್ಟು ಅಂತೆ, ಎಡಗಣ್ಣು ಇನ್ನೂ ಗಲಾಟೆ ಮಾಡಿಲ್ಲ ಅಷ್ಟೇ. ಆ ದಿನ ಡ್ರಾಪ್ಸ್ ಮತ್ತು ಅಸೆಟಜೋಲಮೈಡ್ ಮಾತ್ರೆ. ಬೆರಳ ತುದಿ ಜುಮ್ ಅನ್ನುತ್ತದೆ ಅಂತ ಅತ್ತೆ ರಾತ್ರಿಯಿಡೀ ಕೈ ಉಜ್ಜಿಕೊಂಡರು. ಅದು ಮಾತ್ರೆಯ ಗುಣವಂತೆ.

ಮರುದಿನ ಬಲಗಣ್ಣಿಗೆ ಲೇಸರ್. ಪರದೆಯ ಅಂಚಿನಲ್ಲಿ ಸೂಜಿ ಮೊನೆಯಷ್ಟು ತೂತು ಮಾಡಿ ನೀರಿಗೆ ಬೇರೆ ದಾರಿ ಕೊಡುತ್ತಾರೆ. ಐದಾರು ನಿಮಿಷ. ನಾನು ಹೊರಗೆ ಗಣಪನಿಗೆ ಹರಕೆ ಹೊರುತ್ತಿದ್ದೆ. ಅತ್ತೆ ಬಂದು, "ಮೂಗು ಚುಚ್ಚಿಸಿದಾಗ ಇದಕ್ಕಿಂತ ನೋವಾಗಿತ್ತು" ಅಂದರು. ಎಡಗಣ್ಣಿಗೂ ಮುನ್ನೆಚ್ಚರಿಕೆಗೆ ಮುಂದಿನ ವಾರ ಲೇಸರ್. ಶನಿವಾರದ ಟಿಕೆಟ್ ಕ್ಯಾನ್ಸಲ್.

ಕ್ಯಾಲೆಂಡರ್ ಮತ್ತೆ ಓದಿಸಿದೆ. ಬಲಗಣ್ಣಲ್ಲಿ ತಿಥಿ ಓದುತ್ತಾರೆ, ನಕ್ಷತ್ರ ಇನ್ನೂ ಇಲ್ಲ. ನರಕ್ಕೆ ಎಷ್ಟು ಪೆಟ್ಟಾಗಿದೆ ಅಂತ ಕಾರ್ನಿಯಾದ ಊತ ಪೂರ್ತಿ ಇಳಿದ ಮೇಲೆ ಹೇಳುತ್ತಾರಂತೆ.

ಥಾಣೆ ಸರ್, ಒಂದು ಗೊಂದಲ. ಲೇಸರ್ ಆದ ಮೇಲೆ ಡಾಕ್ಟರು ಕೊಟ್ಟ ಡ್ರಾಪ್ಸ್‌ನಲ್ಲಿ ಪ್ರೆಡ್ನಿಸೋಲೋನ್ ಅಂತ ಇದೆ. ಇದೂ ಸ್ಟಿರಾಯ್ಡ್ ಅಲ್ವಾ? ಮೆಡಿಕಲ್‌ನವ ಕೊಟ್ಟದ್ದೂ ಇದೇ ಜಾತಿ ಅಂದರು. ಅವನದನ್ನು ಡಾಕ್ಟರು ನೋಡಿ ಡಬ್ಬಕ್ಕೆ ಎಸೆದರು, ತಮ್ಮದನ್ನು ದಿನಕ್ಕೆ ನಾಲ್ಕು ಸಲ ಹಾಕಿ ಅನ್ನುತ್ತಾರೆ.

ಥಾಣೆ ಕನ್ನಡಕ:

ಜಾತಿ ಒಂದೇ, ಸಂದರ್ಭ ಬೇರೆ. ಡಾಕ್ಟರು ಒಳಗೆಲ್ಲ ನೋಡಿ, ಲೇಸರ್‌ನಿಂದ ಆದ ಉರಿಯೂತಕ್ಕೆ, ಇಷ್ಟು ದಿನ ಅಂತ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಹೇಳಿದಷ್ಟು ದಿನ ಹಾಕಿ, ಒಂದು ದಿನವೂ ಹೆಚ್ಚಲ್ಲ. ಅಂಗಡಿಯವ ಫೋಟೋ ನೋಡಿ ಕೊಟ್ಟ. ಸ್ಟಿರಾಯ್ಡ್ ಕೆಂಪನ್ನು ಬೇಗ ಇಳಿಸುತ್ತದೆ, ಅದಕ್ಕೇ ಗಿರಾಕಿಗೆ ಖುಷಿ. ಒಳಗೆ ಹಿಂಜವಡಿಯವರ ಹಾಗೆ ಹುಣ್ಣಿದ್ದರೆ, ಅದೂ ಹುಲ್ಲು ಭತ್ತದ ಗರಿ ತಾಗಿ ಆದ ಬೂಸ್ಟಿನ ಹುಣ್ಣಾದರೆ, ಅದೇ ಡ್ರಾಪ್ಸ್ ಬೆಂಕಿಗೆ ತುಪ್ಪ ಹಾಕಿದ ಹಾಗೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಪ್ರೆಷರ್ ಏರುತ್ತದೆ, ಪೊರೆಯೂ ಬರುತ್ತದೆ. ಉಳಿದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ವರ್ಷ ಇನ್ಯಾರಿಗೋ ಹಾಕಬೇಡಿ. ಡ್ರಾಪ್ಸ್ ಬಾಟಲಿ ತೆರೆದು ತಿಂಗಳಾದರೆ ಸಾಮಾನ್ಯವಾಗಿ ಎಸೆಯುವುದೇ.

ಇನ್ನೊಂದು ಕೆಲಸ ಬಾಕಿ ಇದೆ. ಕಣ್ಣಿನ ಈ ಇಕ್ಕಟ್ಟು ಮನೆತನದಲ್ಲಿ ಬರುತ್ತದೆ. ಅತ್ತೆಗೆ ಅಕ್ಕತಂಗಿಯರು, ಅಣ್ಣತಮ್ಮಂದಿರು ಇದ್ದಾರಾ? ನಿಮ್ಮ ಯಜಮಾನರೂ ಒಮ್ಮೆ ತೋರಿಸಿಕೊಳ್ಳಲಿ.

ಡೊಂಬಿವಲಿ ಸೊಸೆ:

ಡಾಕ್ಟರೂ ಇದನ್ನೇ ಕೇಳಿದರು. ಒಬ್ಬರೇ ತಂಗಿ, ಕುಮಟಾದಲ್ಲಿದ್ದಾರೆ. ಅವರದೂ ಇದೇ ದಪ್ಪ ಕನ್ನಡಕ. ನಿನ್ನೆ ರಾತ್ರಿ ಅತ್ತೆ ಫೋನ್ ಮಾಡಿ ಕಥೆಯೆಲ್ಲ ಹೇಳಿದರು. ಆರತಿ, ಸೀರಿಯಲ್ ಲೈಟ್, ಕಾಮನಬಿಲ್ಲು. ಸ್ಪೀಕರ್ ಹಾಕಿತ್ತು, ನಾವೆಲ್ಲ ಕೇಳುತ್ತಿದ್ದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಯ್ಯೋ ಅಕ್ಕ, ಅದು ಎಲ್ಲರಿಗೂ ಹಾಗೇ ಕಾಣ್ತದೆ ಅಂತ ತಿಳ್ಕೊಂಡಿದ್ದೆ" ಅಂದರು.

ಥಾಣೆ ಕನ್ನಡಕ:

ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರಿಗೆ ತೋರಿಸಲಿ. ಕುಮಟಾದಲ್ಲಿ ಸಿಗದಿದ್ದರೆ ಕಾರವಾರದ ಮೆಡಿಕಲ್ ಕಾಲೇಜು. ಪ್ರೆಷರ್ ಎಷ್ಟು ಬಂತು ಅಂತ ಬರೆಯಿರಿ.